82 ಮ್ಯಾಚಲ್ಲಿ ಮೊದಲು ಬಂದ ಟೀಮಿಗೆ ಕಪ್ ಯಾಕೆ ಸಿಗಲ್ಲ? ಐಸ್ ಹಾಕಿ ಗೊತ್ತಿರೋರು ಹೇಳಿ

ಗೊಬ್ಬರದಂಗಡಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಗುತ್ತಲು ರೋಡಲ್ಲಿ ನಮ್ಮದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಐಸ್ ಹಾಕಿಗೂ ನನಗೂ ನಂಟು ಅಂದ್ರೆ ನಮ್ಮ ಭಾವ. ಅಕ್ಕ-ಭಾವ ಕೆನಡಾದ ವಿನಿಪೆಗ್‌ನಲ್ಲಿದ್ದಾರೆ. ಊರಲ್ಲಿದ್ದಾಗ ಕಬಡ್ಡಿ ಬಿಟ್ಟು ಬೇರೆ ಆಟದ ಕಡೆ ತಲೆ ಎತ್ತಿ ನೋಡದ ಮನುಷ್ಯ, ಈಗ ವಿನಿಪೆಗ್ ಜೆಟ್ಸ್ ಅಂದ್ರೆ ಊಟ ಬಿಡ್ತಾರೆ. ಮ್ಯಾಚ್ ಮುಗೀತು ಅಂದ್ರೆ ನನಗೆ ವಾಟ್ಸಾಪ್ ಕಾಲ್. ಅಲ್ಲಿ ರಾತ್ರಿ, ಇಲ್ಲಿ ನಾನು ಅಂಗಡಿ ಮುಂದೆ ನೀರು ಹಾಕ್ತಿರ್ತೀನಿ.

2024-25ರ ಸೀಸನ್ ತಗೊಳ್ಳಿ. ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗು) 32 ಟೀಮು, ಒಂದೊಂದಕ್ಕೂ 82 ಮ್ಯಾಚು. ಜೆಟ್ಸ್ 56 ಗೆದ್ದು, 116 ಪಾಯಿಂಟ್ ತಗೊಂಡು ಇಡೀ ಲೀಗಿಗೇ ಮೊದಲು. ಪ್ರೆಸಿಡೆಂಟ್ಸ್ ಟ್ರೋಫಿ ಅಂತ ಒಂದು ಕೊಟ್ರಂತೆ. ಅಕ್ಕ ಕೇಸರಿಬಾತ್ ಮಾಡಿದ್ಲು. ಏಪ್ರಿಲ್‌ನಲ್ಲಿ ಪ್ಲೇಆಫ್ ಶುರುವಾದಾಗ ಭಾವ ಒಂದು ಫೋಟೋ ಕಳಿಸಿದ್ರು: ಬಿಳಿ ಪಂಚೆ, ಬಿಳಿ ಜಾಕೆಟ್ಟು, ಬಿಳಿ ಟೋಪಿ. ಸುತ್ತ ಸಾವಿರಾರು ಜನ, ಎಲ್ಲರೂ ಬಿಳಿ ಬಟ್ಟೆ. ನಾನು ಯಾವುದೋ ಪಕ್ಷದ ಸಮಾವೇಶ ಅಂದ್ಕೊಂಡೆ. ಅಲ್ಲಿ ಪ್ಲೇಆಫ್‌ಗೆ ಹಾಗೇ ಹೋಗಬೇಕಂತೆ, 1987ರಿಂದ ನಡ್ಕೊಂಡು ಬಂದಿರೋ ಪದ್ಧತಿಯಂತೆ.

ಇಷ್ಟೆಲ್ಲ ಆಗಿ ಏನಾಯ್ತು? ಎರಡನೇ ರೌಂಡಲ್ಲೇ ಡಲ್ಲಾಸ್ ಕೈಲಿ ಸೋತು ಮನೆಗೆ. ಕಪ್ ಎತ್ತಿದ್ದು ಫ್ಲೋರಿಡಾ. ಅದು ತನ್ನ ಡಿವಿಷನ್‌ನಲ್ಲೇ ಮೂರನೇದು, 98 ಪಾಯಿಂಟು! ‘ಇದ್ಯಾವ ನ್ಯಾಯ ಭಾವ, ವರ್ಷವೆಲ್ಲ ದುಡಿದೋನಿಗೆ ಒಂದು ಬಟ್ಟಲು, ಮೂರನೇಯವನಿಗೆ ಕಪ್ಪಾ?’ ಅಂದೆ. ‘ನಿನಗದೆಲ್ಲ ತಿಳಿಯಲ್ಲ ಹೋಗೋ’ ಅಂತ ಫೋನ್ ಇಟ್ಟುಬಿಟ್ರು.

ಇನ್ನೊಂದು. ಸೋತ ಟೀಮಿಗೂ ಕೆಲವು ಸಲ ಒಂದು ಪಾಯಿಂಟ್ ಕೊಡ್ತಾರಂತಲ್ಲ, ಅದು ಯಾವ ಲೆಕ್ಕ? ಒಂದೇ ಟೀಮಿನ ಜೊತೆ ಏಳೇಳು ಮ್ಯಾಚು ಯಾಕೆ ಆಡಬೇಕು? ಮತ್ತೆ ಅಕ್ಟೋಬರ್‌ನಲ್ಲಿ ಶುರುವಂತೆ. ಅಷ್ಟರೊಳಗೆ ಭಾವನ ಮುಂದೆ ನಾಲ್ಕು ಮಾತಾಡೋ ಹಾಗೆ ಆಗಬೇಕು.

ಹಳೇ_ಗೋಲ್‌ಕೀಪರ್_ಮೈಸೂರು

ಗೊಬ್ಬರದಂಗಡಿಯವರೇ, ನಿಮ್ಮ ಭಾವ ಫೋನ್ ಇಟ್ಟಿದ್ದು ಕೋಪಕ್ಕಲ್ಲ, ಸಂಕಟಕ್ಕೆ. ಬಿಡಿ.

ನಾನು ಹುಟ್ಟಿದ್ದು ಕೊಡಗು, ಅನ್ನ ಕೊಟ್ಟಿದ್ದು ಮೈಸೂರು. ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಮೊಣಕಾಲು ಹಾಳು ಮಾಡಿಕೊಂಡವನು. ಮಗಳು ಕ್ಯಾಲ್ಗರಿಯಲ್ಲಿದ್ದಾಳೆ, ಒಂದು ಚಳಿಗಾಲ ಅವಳ ಮನೆಯಲ್ಲಿ ಬೇರೆ ಕೆಲಸವಿಲ್ಲದೆ ಕೂತು ಈ ಆಟ ನೋಡಿದೆ. ಆಮೇಲೆ ಬಿಡಲಾಗಲಿಲ್ಲ. ಈಗಲೂ ಬೆಳಗ್ಗೆ ಐದೂವರೆಗೆ ಎದ್ದು ನೋಡುತ್ತೇನೆ. ಮನೆಯವರು ನಾನು ವಾಕಿಂಗ್‌ಗೆ ಏಳುತ್ತೇನೆ ಅಂದುಕೊಂಡಿದ್ದಾರೆ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಆ 82 ಮ್ಯಾಚು ಕಪ್ಪಿಗಾಗಿ ಅಲ್ಲ, ಪ್ಲೇಆಫ್ ಬಾಗಿಲಿಗಾಗಿ. ನಾಲ್ಕು ಡಿವಿಷನ್, ಒಂದೊಂದರಲ್ಲೂ ಮೊದಲ ಮೂರು ಟೀಮು. ಹನ್ನೆರಡಾಯಿತು. ಪೂರ್ವ, ಪಶ್ಚಿಮ ಎರಡು ಕಾನ್ಫರೆನ್ಸ್‌ನಿಂದ ಇನ್ನೆರಡೆರಡು ‘ವೈಲ್ಡ್ ಕಾರ್ಡ್’, ಅಂದರೆ ಉಳಿದವರಲ್ಲಿ ಹೆಚ್ಚು ಪಾಯಿಂಟ್ ಇದ್ದವರು. ಒಟ್ಟು 16. ಅಲ್ಲಿಂದ ನಾಲ್ಕು ರೌಂಡು, ಪ್ರತಿ ರೌಂಡಲ್ಲೂ ನಾಲ್ಕು ಮ್ಯಾಚ್ ಮೊದಲು ಗೆದ್ದವನು ಮುಂದಕ್ಕೆ. ಸ್ಟಾನ್ಲಿ ಕಪ್ ಕೈಗೆ ಬರಬೇಕಾದರೆ 16 ಮ್ಯಾಚ್ ಗೆಲ್ಲಬೇಕು. ಏಪ್ರಿಲ್ ಮಧ್ಯದಲ್ಲಿ ಹೊರಟವರು ಜೂನ್‌ವರೆಗೆ ಗಡ್ಡ ತೆಗೆಯುವುದಿಲ್ಲ. ಅದೂ ಒಂದು ಪದ್ಧತಿ, ನಮ್ಮ ಹರಕೆ ಇದ್ದ ಹಾಗೆ.

ಮೊದಲು ಬಂದವನು ಯಾಕೆ ಸೋಲುತ್ತಾನೆ ಅಂದಿರಿ. ಪ್ರೆಸಿಡೆಂಟ್ಸ್ ಟ್ರೋಫಿ 1985-86ರಿಂದ ಇದೆ. ಅದನ್ನೂ ಕಪ್ಪನ್ನೂ ಒಂದೇ ವರ್ಷ ಒಂದೇ ಟೀಮು ಗೆದ್ದದ್ದು 2025ರವರೆಗೆ ಬರೀ ಎಂಟು ಸಲ. ಕಡೆಯದು 2013ರ ಶಿಕಾಗೋ. 2019ರಲ್ಲಿ ಟ್ಯಾಂಪಾ ಬೇ 62 ಮ್ಯಾಚ್ ಗೆದ್ದು ಮೊದಲ ರೌಂಡಿಗೆ ಬಂತು, ಕೊಲಂಬಸ್ ಕೈಲಿ ಸಾಲಾಗಿ ನಾಲ್ಕೂ ಸೋತು ಹೋಯಿತು. 2023ರಲ್ಲಿ ಬಾಸ್ಟನ್ 65 ಗೆಲುವು, 135 ಪಾಯಿಂಟು. ಲೀಗಿನ ಚರಿತ್ರೆಯಲ್ಲೇ ಅಷ್ಟು ಯಾರೂ ಮಾಡಿರಲಿಲ್ಲ. ಮೊದಲ ರೌಂಡಲ್ಲಿ ಫ್ಲೋರಿಡಾ ಮೇಲೆ 3-1 ಮುಂದಿದ್ದು, ಆಮೇಲಿನ ಮೂರೂ ಬಿಟ್ಟುಕೊಟ್ಟಿತು. ಆ ವರ್ಷ ಫ್ಲೋರಿಡಾ ಪೂರ್ವದಿಂದ ಬಾಗಿಲು ಮುಚ್ಚುವ ಹೊತ್ತಿಗೆ ಒಳಗೆ ಬಂದ ಕಡೇ ಟೀಮು. ಅದೇ ಟೀಮು ಫೈನಲ್‌ಗೆ ಹೋಯಿತು, ಆಮೇಲೆ 2024, 2025 ಎರಡೂ ವರ್ಷ ಎಡ್ಮಂಟನ್ ಸೋಲಿಸಿ ಕಪ್ ಎತ್ತಿತು. ಅಂದಮೇಲೆ 98 ಪಾಯಿಂಟಿನ ಟೀಮು ಅಂತ ಹಗುರವಾಗಿ ನೋಡಬೇಡಿ.

ದುಡ್ಡಿನ ಕಾರಣವೂ ಇದೆ. ಒಂದು ಟೀಮು ಆಟಗಾರರ ಸಂಬಳಕ್ಕೆ ಇಷ್ಟೇ ಖರ್ಚು ಮಾಡಬೇಕು ಅಂತ ಮಿತಿ ಇದೆ, 2024-25ರಲ್ಲಿ 8.8 ಕೋಟಿ ಡಾಲರ್. ಎಷ್ಟೇ ಶ್ರೀಮಂತ ಮಾಲೀಕನಾದರೂ ಒಳ್ಳೆಯವರನ್ನೆಲ್ಲ ತಾನೇ ಬಾಚಿಕೊಳ್ಳಲಾಗದು. ಹಾಗಾಗಿ ಒಂದನೇ ಟೀಮಿಗೂ ಹದಿನಾರನೇ ಟೀಮಿಗೂ ನಡುವೆ ಪಟ್ಟಿಯಲ್ಲಿ ಕಾಣುವಷ್ಟು ದೂರ ನಿಜಕ್ಕೂ ಇರುವುದಿಲ್ಲ.

ಆದರೆ ದೊಡ್ಡ ಕಾರಣ ಗೋಲ್‌ಕೀಪರ್. ನಾನು ಗೋಲ್‌ಕೀಪರ್ ಆದ್ದರಿಂದ ಹೇಳುತ್ತಿಲ್ಲ (ಸ್ವಲ್ಪ ಅದಕ್ಕೂ ಹೌದು). ಕ್ಯಾಲ್ಗರಿಯ ಸ್ಯಾಡಲ್‌ಡೋಮ್‌ನಲ್ಲಿ ಗೋಲ್ ಹಿಂದಿನ ಗಾಜಿನ ಹತ್ತಿರ ಕೂತು ನೋಡಿದ್ದು ಹೇಳುತ್ತೇನೆ. ಪ್ರತಿ ಪೀರಿಯಡ್‌ಗೆ (20 ನಿಮಿಷದ ಆಟ, ಮ್ಯಾಚಿಗೆ ಮೂರು) ಮುಂಚೆ ಯಂತ್ರ ಬಂದು ಐಸ್ ಮೇಲೆ ನೀರು ಹಾಯಿಸಿ ಕನ್ನಡಿ ಮಾಡಿ ಹೋಗುತ್ತದೆ. ಗೋಲಿ (ಗೋಲ್‌ಕೀಪರ್‌ಗೆ ಅಲ್ಲಿ ಹಾಗನ್ನುತ್ತಾರೆ) ಬಂದವನೇ ಆ ಕನ್ನಡಿಯನ್ನು ಸ್ಕೇಟಿನ ಅಲಗಿನಿಂದ ಎಡಕ್ಕೂ ಬಲಕ್ಕೂ ಕೆರೆದು ಕೆರೆದು ಹಿಟ್ಟು ಮಾಡುತ್ತಾನೆ. ಕಾಲಿಗೆ ಹಿಡಿತ ಬೇಕಲ್ಲ! ಆ ಹಿಟ್ಟನ್ನು ಕೋಲಿನಿಂದ ಕಂಬದ ಬುಡಕ್ಕೆ ತಳ್ಳುತ್ತಾನೆ, ಎರಡೂ ಕಂಬವನ್ನು ಕೋಲಿನಿಂದ ತಟ್ಟಿ ತಾನೆಲ್ಲಿದ್ದೇನೆ ಅಂತ ಗೊತ್ತು ಮಾಡಿಕೊಳ್ಳುತ್ತಾನೆ. ಮಣ್ಣಿನಲ್ಲಿ ನಾವೂ ಹಿಮ್ಮಡಿಯಿಂದ ಗೀಟು ಎಳೆದುಕೊಳ್ಳುತ್ತಿದ್ದೆವು. ಚೆಂಡಿನ ಬದಲು ಪಕ್ ಅನ್ನುವ ರಬ್ಬರ್ ಬಿಲ್ಲೆ, ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿಡುತ್ತಾರೆ. ಅದು ಗೋಲಿಯ ಪ್ಯಾಡಿಗೆ ಬಡಿದರೆ ಮರದ ಬಾಗಿಲು ಬಡಿದ ಸದ್ದು. ಎದುರಿಗೆ ನಾಲ್ಕು ಜನ ಅಡ್ಡ ನಿಂತಿರುತ್ತಾರೆ, ಹೊಡೆದದ್ದೇ ಕಾಣುವುದಿಲ್ಲ. ಇಂಥದ್ದರಲ್ಲಿ ಒಬ್ಬ ಗೋಲಿಗೆ ಎರಡು ವಾರ ಕಣ್ಣು ಸರಿಯಾಗಿ ಕೂತರೆ ಎಂಥ ಟೀಮನ್ನಾದರೂ ಮನೆಗೆ ಕಳಿಸಬಹುದು. ಕೂರದಿದ್ದರೆ ತನ್ನ ಟೀಮನ್ನೇ.

ನಿಮ್ಮ ಜೆಟ್ಸ್ ಗೋಲಿ ಕಾನರ್ ಹೆಲೆಬಕ್ ನೋಡಿ. ಆ ಸೀಸನ್ ಅತ್ಯುತ್ತಮ ಗೋಲಿ ಪ್ರಶಸ್ತಿ ಅವನಿಗೇ, ಲೀಗಿನ ಅತ್ಯಮೂಲ್ಯ ಆಟಗಾರನ ಹಾರ್ಟ್ ಟ್ರೋಫಿಯೂ ಅವನಿಗೇ. ಅಂಥವನನ್ನು ಮೊದಲ ರೌಂಡಲ್ಲಿ ಸೇಂಟ್ ಲೂಯಿಸ್‌ನಲ್ಲಿ ಆಡಿದ ಮೂರೂ ಮ್ಯಾಚಲ್ಲಿ ಅರ್ಧಕ್ಕೆ ಹೊರಗೆ ಕರೆಸಿಕೊಂಡರು. ನನಗಂತೂ ನೋಡಲಾಗಲಿಲ್ಲ.

ಏಳು ಮ್ಯಾಚ್ ಯಾಕೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಒಂದೇ ಮ್ಯಾಚಾದರೆ ಅದೃಷ್ಟ. ಅದೇ ಎದುರಾಳಿ ದಿನ ಬಿಟ್ಟು ದಿನ ಎದುರಿಗೆ ಬಂದರೆ, ನಾಲ್ಕನೇ ಮ್ಯಾಚಿನ ಹೊತ್ತಿಗೆ ಯಾರು ಯಾವ ಕಡೆ ತಿರುಗುತ್ತಾನೆ, ಯಾರ ಭುಜ ನೋಯುತ್ತಿದೆ ಎಲ್ಲ ಗೊತ್ತಾಗಿಬಿಟ್ಟಿರುತ್ತದೆ. ಹೆಚ್ಚು ಪಾಯಿಂಟ್ ಇದ್ದವನಿಗೆ ಸಿಗುವುದು ಒಂದೇ ಲಾಭ: ಮೊದಲ ಎರಡು ಮ್ಯಾಚ್ ಅವನ ಊರಲ್ಲಿ, ಮುಂದಿನೆರಡು ಅವರ ಊರಲ್ಲಿ, ಆಮೇಲೆ ಒಂದೊಂದು, ಏಳನೆಯದು ಬಂದರೆ ಇವನ ಊರಲ್ಲಿ. ಬರೀ ಜನರ ಕೂಗಿನ ಲಾಭ ಅಲ್ಲ ಅದು. ಐಸ್ ಹಾಕಿಯಲ್ಲಿ ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಆಟ ನಿಂತಾಗ ಕಡೆಯದಾಗಿ ಆಳು ಬದಲಿಸುವ ಹಕ್ಕು ಊರಿನ ಟೀಮಿಗೆ. ಅಂದರೆ ಎದುರಾಳಿ ತನ್ನ ದೊಡ್ಡ ಆಟಗಾರನನ್ನು ಇಳಿಸಿದ್ದು ನೋಡಿಕೊಂಡು, ಅವನ ಬೆನ್ನಿಗೆ ಬೀಳುವವನನ್ನು ನಾವು ಇಳಿಸಬಹುದು. ವಿನಿಪೆಗ್-ಸೇಂಟ್ ಲೂಯಿಸ್ ಸರಣಿಯ ಏಳೂ ಮ್ಯಾಚ್ ಊರಿನ ಟೀಮೇ ಗೆದ್ದಿತು. 116 ಪಾಯಿಂಟಿಗೆ ಬೆಲೆ ಇಲ್ಲ ಅಂತ ಭಾವನಿಗೆ ಹೇಳಬೇಡಿ. ಆ ಏಳನೇ ಮ್ಯಾಚು ವಿನಿಪೆಗ್‌ನಲ್ಲಿ ನಡೆದದ್ದೇ ಆ ಪಾಯಿಂಟಿನಿಂದ.

ಇನ್ನು ಸೋತವನ ಪಾಯಿಂಟು. ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಗೆದ್ದರೆ ಎರಡು, 60 ನಿಮಿಷದೊಳಗೆ ಸೋತರೆ ಸೊನ್ನೆ. ಆದರೆ ಸಮನಾಗಿ ಮುಗಿದು, ಓವರ್‌ಟೈಮ್ (ಹೆಚ್ಚುವರಿ ಆಟ) ಅಥವಾ ಶೂಟೌಟಲ್ಲಿ (ಒಬ್ಬೊಬ್ಬನೇ ಬಂದು ಗೋಲಿ ಎದುರು ಹೊಡೆಯುವುದು) ಸೋತರೆ ಒಂದು. ಹೀಗಾಗಿ ಕೆಲವು ಮ್ಯಾಚಲ್ಲಿ ಒಟ್ಟು ಎರಡು ಪಾಯಿಂಟ್ ಹಂಚಿಕೆ, ಕೆಲವದರಲ್ಲಿ ಮೂರು. ಮಾರ್ಚ್ ತಿಂಗಳಲ್ಲಿ ನೋಡಿ, ಕಡೇ ಐದು ನಿಮಿಷ ಸಮನಾಗಿದ್ದರೆ ಎರಡು ಕಡೆಯವರೂ ಪಕ್ಕನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಾರೆ. ಇಬ್ಬರಿಗೂ ಒಂದೊಂದು ಗ್ಯಾರಂಟಿ ಅಲ್ಲವೇ! ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಇರುವ ಹಾಗೆ ನೇರ ಗೆಲುವಿಗೆ ಮೂರು, ಓವರ್‌ಟೈಮ್ ಗೆಲುವಿಗೆ ಎರಡು, ಓವರ್‌ಟೈಮ್ ಸೋಲಿಗೆ ಒಂದು ಕೊಟ್ಟರೆ ಈ ನಾಟಕ ನಿಲ್ಲುತ್ತದೆ. ಯಾರೂ ಕೇಳುವುದಿಲ್ಲ.

ಪ್ಲೇಆಫ್‌ನಲ್ಲಿ ಈ ಆಟ ನಡೆಯುವುದಿಲ್ಲ. ಆ 82 ಮ್ಯಾಚಿನ ಓವರ್‌ಟೈಮಲ್ಲಿರುವ ಮೂರು-ಮೂರು ಜನರ ಓಡಾಟ ಅಲ್ಲಿ ಇಲ್ಲ, ಶೂಟೌಟ್ ಇಲ್ಲ. ಐದು-ಐದು ಜನ, 20 ನಿಮಿಷ. ಗೋಲ್ ಬರದಿದ್ದರೆ ಇನ್ನೊಂದು 20, ಮತ್ತೊಂದು 20. 1936ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್‌ಗೂ ಮಾಂಟ್ರಿಯಲ್ ಮರೂನ್ಸ್‌ಗೂ ನಡೆದದ್ದು ಆರನೇ ಓವರ್‌ಟೈಮ್‌ವರೆಗೆ ಹೋಯಿತು. ಹೆಚ್ಚುವರಿ ಆಟವೇ 116 ನಿಮಿಷ 30 ಸೆಕೆಂಡು. ಬೆಳಗಿನ ಜಾವ ಎರಡು ದಾಟಿದ ಮೇಲೆ ಮಡ್ ಬ್ರೂನೆಟೊ ಅನ್ನುವ ಹೊಸ ಹುಡುಗ ಗೋಲ್ ಹೊಡೆದ. 1-0. ಎಲ್ಲರೂ ಅವನ ಹೆಸರು ಹೇಳುತ್ತಾರೆ. ಅಷ್ಟೂ ಹೊತ್ತು ಒಂದನ್ನೂ ಒಳಗೆ ಬಿಡದೆ ನಿಂತ ಡೆಟ್ರಾಯಿಟ್ ಗೋಲಿ ನಾರ್ಮಿ ಸ್ಮಿತ್ ಹೆಸರು ನಾನು ಹೇಳುತ್ತೇನೆ.

ನಂಜನಗೂಡು_ನೈಟ್‌ಶಿಫ್ಟ್

ಸಾರ್ ಬರೆದಿದ್ದು ಓದಿ ಖುಷಿ ಆಯ್ತು. ನಾನು ಮೈಸೂರಲ್ಲಿ ಕೆನಡಾ ಕಸ್ಟಮರ್‌ಗಳ ಕಾಲ್ ತಗೊಳೋ ಕೆಲಸ ಮಾಡ್ತೀನಿ. ಪ್ಲೇಆಫ್ ಇರೋ ರಾತ್ರಿ ಆ ಕಡೆಯ ಲೈನು ಸತ್ತ ಹಾಗಿರುತ್ತೆ, ಪೀರಿಯಡ್ ನಡುವಿನ ಬ್ರೇಕಲ್ಲಿ ಎಲ್ಲ ಒಟ್ಟಿಗೇ ಫೋನ್ ಮಾಡ್ತಾರೆ!

ಗೊಬ್ಬರದಂಗಡಿ ಅಣ್ಣ, ನಿಮ್ಮ ಭಾವನ ಸಂಕಟ ತಿಳೀಬೇಕು ಅಂದ್ರೆ ಎರಡು ಮ್ಯಾಚಿನ ಹೈಲೈಟ್ಸ್ ನೋಡಿ, ಯೂಟ್ಯೂಬಲ್ಲಿ ಲೀಗಿನ ಚಾನೆಲ್ಲಲ್ಲೇ ಇರುತ್ತೆ. ಒಂದು, ಸೇಂಟ್ ಲೂಯಿಸ್ ಜೊತೆ ಏಳನೇದು. ಕಡೇ ಎರಡು ನಿಮಿಷ ಇದ್ದಾಗ 3-1 ಹಿಂದೆ. ಗೋಲಿನೇ ಆಚೆ ಕರೆದು, ಅವನ ಬದಲು ಒಬ್ಬ ಆಟಗಾರನನ್ನ ಇಳಿಸಿದ್ರು. ಒಂದು ಗೋಲ್ ಬಂತು. ಗಡಿಯಾರದಲ್ಲಿ ಇನ್ನೇನು ಎರಡ್ಮೂರು ಸೆಕೆಂಡು ಅನ್ನುವಾಗ ಕೋಲ್ ಪರ್ಫೆಟ್ಟಿ ಎರಡನೇದು ತಳ್ಳಿದ. ಎರಡನೇ ಓವರ್‌ಟೈಮಲ್ಲಿ ಕ್ಯಾಪ್ಟನ್ ಆಡಮ್ ಲೌರಿ ಮುಗಿಸಿದ. ಬಿಳಿ ಬಟ್ಟೆಯವರು ಕುಣಿದಿದ್ದು ನೋಡ್ಬೇಕು ನೀವು.

ಇನ್ನೊಂದು ಡಲ್ಲಾಸ್ ಜೊತೆ ಆರನೇದು. ಆ ದಿನವೇ ಜೆಟ್ಸ್‌ನ ಮಾರ್ಕ್ ಶೈಫ್ಲಿ ಅಪ್ಪ ತೀರಿಕೊಂಡಿದ್ರು. ಆದ್ರೂ ಆಡೋಕೆ ಇಳಿದ. ಟೀಮಿನ ಮೊದಲ ಗೋಲೂ ಹೊಡೆದ. ಆಮೇಲೆ 1-1 ಇದ್ದಾಗ, ಮ್ಯಾಚ್ ಮುಗಿಯೋಕೆ 15 ಸೆಕೆಂಡೂ ಇರ್ಲಿಲ್ಲ, ಗೋಲ್ ಕಡೆ ನುಗ್ಗುತ್ತಿದ್ದವನನ್ನ ತಡೆಯೋಕೆ ಹೋಗಿ ಬೀಳಿಸಿಬಿಟ್ಟ. ಎರಡು ನಿಮಿಷ ಪೆನಾಲ್ಟಿ ಬಾಕ್ಸು, ಅಷ್ಟೊತ್ತು ಟೀಮಿಗೆ ಒಬ್ಬ ಕಮ್ಮಿ. ಓವರ್‌ಟೈಮ್ ಶುರುವಾದಾಗ ಅವನು ಅಲ್ಲೇ ಕೂತಿದ್ದಾನೆ, ಡಲ್ಲಾಸ್‌ನ ಥಾಮಸ್ ಹಾರ್ಲಿ ಗೋಲ್ ಹೊಡೆದ, ಸೀಸನ್ ಮುಗೀತು. ಸರಣಿ ಮುಗಿದ ಮೇಲೆ ಎರಡೂ ಟೀಮು ಸಾಲಾಗಿ ಕೈ ಕುಲುಕೋದು ಅಲ್ಲಿ ಕಡ್ಡಾಯದ ಹಾಗೆ. ಡಲ್ಲಾಸ್‌ನೋರು ಒಬ್ಬೊಬ್ಬರೂ ಅವನ ಹತ್ರ ನಿಂತು ಮಾತಾಡಿಸಿಯೇ ಮುಂದೆ ಹೋಗಿದ್ದು.

ಒಂದೇ_ಮ್ಯಾಚ್_ಸಾಕು

ಎಲ್ಲ ಸರಿ, ಆದ್ರೆ 82 ಮ್ಯಾಚು ಆಡಿಸೋದು ಟಿಕೆಟ್ ಮಾರೋಕೆ ಅನ್ನೋದು ಯಾಕೆ ಯಾರೂ ಹೇಳ್ತಿಲ್ಲ? 32ರಲ್ಲಿ 16 ಒಳಗೆ ಬರೋದಾದ್ರೆ ಆರೂವರೆ ತಿಂಗಳು ಏನು ಸೋಸಿದ ಹಾಗಾಯ್ತು? ನಮ್ಮ ಕೊಡವ ಹಾಕಿ ಹಬ್ಬ ನೋಡಿ. ಮುನ್ನೂರಕ್ಕೂ ಹೆಚ್ಚು ಕುಟುಂಬ, ಒಂದು ಸೋತ್ರೆ ಮನೆಗೆ, ಮುಗೀತು. ಕೀಪರ್ ಸಾರ್ ಕೊಡಗಿನವರಾಗಿ ಇದನ್ನ ಒಪ್ಕೋತಾರಾ?

ಹಳೇ_ಗೋಲ್‌ಕೀಪರ್_ಮೈಸೂರು

ಟಿಕೆಟ್ ಮಾತು ಒಪ್ಪಿದೆ. 2026-27ರಿಂದ 82 ಹೋಗಿ 84 ಆಗುತ್ತದೆ, ಇನ್ನಷ್ಟು ಬೈಯಿರಿ. ಆದರೆ ಕೊಡವ ಹಾಕಿಯನ್ನು ಇದಕ್ಕೆ ತಂದು ಕಟ್ಟಬೇಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅದನ್ನು ಶುರು ಮಾಡಿದ್ದು ಮನೆತನಗಳು ಒಂದು ಕಡೆ ಸೇರಲಿ ಅಂತ. ಅಲ್ಲಿ ತಾತನೂ ಮೊಮ್ಮಗಳೂ ಒಂದೇ ಟೀಮಲ್ಲಿ ಇಳಿಯಬಹುದು. ನಾನು ನಮ್ಮ ಮನೆಯ ಟೀಮಿಗೆ ಗೋಲಲ್ಲಿ ನಿಂತು ಮೊದಲ ಮ್ಯಾಚಲ್ಲೇ ಸೋತು, ಆಮೇಲೆ ನೆಂಟರ ಜೊತೆ ಹೊಟ್ಟೆ ತುಂಬ ಉಂಡು ಬಂದಿದ್ದೇನೆ. ಸಂಬಳಕ್ಕೆ ಆಡುವವರ ಲೀಗಿಗೆ ಆ ಸುಖ ಎಲ್ಲಿ?

ಸೋಸುವ ವಿಷಯ ಮಾತ್ರ ಒಂದು ಹೇಳುತ್ತೇನೆ. 2019ರ ಜನವರಿ ಶುರುವಿನಲ್ಲಿ ಇದೇ ಸೇಂಟ್ ಲೂಯಿಸ್ ಇಡೀ ಲೀಗಿಗೆ ಕಡೆಯದಾಗಿತ್ತು. ಜೂನ್‌ನಲ್ಲಿ ಕಪ್ ಅವರದ್ದು. ಸೀಸನ್ ಚಿಕ್ಕದಾಗಿದ್ದರೆ ಆ ಟೀಮು ಆಚೆ.

ಕುವೆಂಪುನಗರ_ಪದ್ಮಕ್ಕ

ನನ್ನದೊಂದು ಸೇರಿಸಿಕೊಳ್ಳಿ. ಸೊಸೆ ಪಂಜಾಬಿನವಳು, ಅವರ ಅಣ್ಣನ ಮನೆ ವ್ಯಾಂಕೂವರ್ ಹತ್ತಿರ. ಅಲ್ಲಿ ಈ ಆಟವನ್ನು ಪಂಜಾಬಿಯಲ್ಲಿ ಕೇಳುತ್ತಾರೆ, 2008ರಿಂದ ಆ ಕಾಮೆಂಟರಿ ಬರುತ್ತಿದೆಯಂತೆ. 2016ರ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಗೋಲ್ ಹೊಡೆದಾಗ ಹರನಾರಾಯಣ್ ಸಿಂಗ್ ‘ಬೊನಿನೊ ಬೊನಿನೊ ಬೊನಿನೊ’ ಅಂತ ಉಸಿರು ಬಿಡದೆ ಕೂಗಿದ್ದು ಕೇಳಿ, ನಮ್ಮ ಮನೆಯಲ್ಲಿ ಮೊಮ್ಮಗ ಈಗಲೂ ಅನ್ನಕ್ಕೆ ಕರೆದರೆ ಹಾಗೇ ಕೂಗುತ್ತಾನೆ. ಆಟದ ಒಂದಕ್ಷರ ತಿಳಿಯದ ನಾನೂ ಕುರ್ಚಿ ಬಿಟ್ಟು ಎದ್ದಿದ್ದೆ. ನಮ್ಮ ಹುಡುಗಿಯರೂ ಕಮ್ಮಿ ಇಲ್ಲ ಕಣ್ರಪ್ಪ, ಲಡಾಖ್ ಕಡೆಯವರೇ ಹೆಚ್ಚಾಗಿರುವ ಭಾರತದ ಮಹಿಳಾ ಐಸ್ ಹಾಕಿ ಟೀಮು 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ತಂದಿದೆ. ಅದನ್ನು ಯಾರೂ ಇಲ್ಲಿ ಬರೆಯಲಿಲ್ಲವಲ್ಲ.

ಗೊಬ್ಬರದಂಗಡಿ_ಮಂಡ್ಯ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪದ್ಮಕ್ಕ, ಆ ಬೊನಿನೊ ಕೇಳಿದೆ, ಅಂಗಡಿಗೆ ಬಂದಿದ್ದ ರೈತರಿಗೂ ಕೇಳಿಸಿದೆ. ಒಬ್ಬರು ‘ಯಾವ ಊರಿನ ಹರಾಜಪ್ಪಾ ಇದು’ ಅಂದ್ರು.

ಕೀಪರ್ ಸಾರ್, ಭಾವನಿಗೆ ಫೋನ್ ಮಾಡಿ ‘ಕಡೇ ಬದಲಾವಣೆ ಹಕ್ಕು ನಿಮಗಿದ್ದೂ ಡಲ್ಲಾಸ್ ಕೈಲಿ ಮೊದಲನೇ ಮ್ಯಾಚ್ ಮನೇಲೇ ಹೆಂಗೆ ಬಿಟ್ರಿ?’ ಅಂದೆ. ಎರಡು ನಿಮಿಷ ಮಾತೇ ಇಲ್ಲ. ಆಮೇಲೆ ‘ರಾಂಟನೆನ್’ ಅಂದ್ರು. ಯಾರು ಸಾರ್ ಅವನು? ಇನ್ನೂ ಏನು ಕೇಳಿ ಕಾಡಬಹುದು ಹೇಳಿ.

ಹಳೇ_ಗೋಲ್‌ಕೀಪರ್_ಮೈಸೂರು

ಮಿಕ್ಕೊ ರಾಂಟನೆನ್, ಫಿನ್ಲೆಂಡಿನವನು. ಆ ಸೀಸನ್ ಶುರುವಾದಾಗ ಕೊಲೊರಾಡೋದಲ್ಲಿದ್ದ. ಜನವರಿಯಲ್ಲಿ ಕ್ಯಾರೊಲೈನಾಗೆ ಕೊಟ್ಟರು, ಮಾರ್ಚ್‌ನಲ್ಲಿ ಅವರು ಡಲ್ಲಾಸ್‌ಗೆ ಕೊಟ್ಟರು. ಮೊದಲ ರೌಂಡಲ್ಲೇ ಡಲ್ಲಾಸ್‌ಗೆ ಸಿಕ್ಕಿದ್ದು ಕೊಲೊರಾಡೋ. ಏಳನೇ ಮ್ಯಾಚಿನ ಕಡೇ ಪೀರಿಯಡಲ್ಲಿ ಹ್ಯಾಟ್ರಿಕ್ ಹೊಡೆದು ಹಳೇ ಮನೆಯವರನ್ನು ಆಚೆ ಕಳಿಸಿದ. ವಿನಿಪೆಗ್‌ಗೆ ಬಂದು ಮೊದಲ ಮ್ಯಾಚಲ್ಲಿ ಮತ್ತೊಂದು ಹ್ಯಾಟ್ರಿಕ್. ಅದಕ್ಕೇ ಭಾವ ಸುಮ್ಮನಾಗಿದ್ದು.

ಕಾಡುವುದಕ್ಕಿಂತ ಅವರ ಪರವಾಗಿ ಒಂದು ಮಾತಾಡಿ, ಅಕ್ಕನಿಗೂ ಸಮಾಧಾನ. ಡಲ್ಲಾಸ್ 106 ಪಾಯಿಂಟು, ಕೊಲೊರಾಡೋ 102. ಎರಡೂ ಜೆಟ್ಸ್ ಇರುವ ಸೆಂಟ್ರಲ್ ಡಿವಿಷನ್ನೇ. ಎರಡನೇಯವನೂ ಮೂರನೇಯವನೂ ಮೊದಲ ರೌಂಡಲ್ಲೇ ಹೊಡೆದಾಡಬೇಕು, ಗೆದ್ದವನು ಸೀದಾ ಮೊದಲನೆಯವನ ಮನೆಗೆ. ಇಡೀ ಲೀಗಿಗೆ ಒಂದೇ ಪಟ್ಟಿ ಮಾಡಿ ಒಂದಕ್ಕೆ ಹದಿನಾರು, ಎರಡಕ್ಕೆ ಹದಿನೈದು ಅಂತ ಜೋಡಿಸಿದ್ದರೆ ಜೆಟ್ಸ್ ದಾರಿಯೇ ಬೇರೆ ಆಗುತ್ತಿತ್ತು. ಇದನ್ನು ಹೇಳಿ ನೋಡಿ, ಫೋನ್ ಇಡುವುದಿಲ್ಲ. ಅವರು ಇಡದಿದ್ದರೆ ನಿಮಗೆ ಅಂಗಡಿ ಬಾಗಿಲು ತೆಗೆಯುವುದು ತಡವಾಗುತ್ತದೆ, ಅದು ನಿಮ್ಮ ಹಣೆಬರಹ.